ಬಲಮೂಲೆಯ ಕಾಸು

ಗೋಡೆ ಗಡಿಯಾರದ ಬಾಗಿಲು ತೆಗೆದರೆ ಬೇರೆಯವರು ಮೊದಲು ಯಂತ್ರ ನೋಡುತ್ತಾರೆ. ಮುಳ್ಳಪ್ಪನ ಮನೆತನದವರು ಮೊದಲು ನೋಡುವುದು ಪೆಟ್ಟಿಗೆಯ ತಳದ ಹಲಗೆಯನ್ನು. ಅವನ ಅಜ್ಜನಿಂದ ಬಂದ ಅಭ್ಯಾಸ ಅದು. ಗಡಿಯಾರವನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿ, ನಡೆಸಿದವರು ಕೊನೆಗೆ ಲೋಲಕದ ಕೆಳಗೆ, ಹಲಗೆಯ ಮೂಲೆಯಲ್ಲಿ, ಒಂದು ಸಣ್ಣ ನಾಣ್ಯವನ್ನು ಅರಗಿನಿಂದ ಅಂಟಿಸಬೇಕು. ಕೆಲಸ ಯಾವ ನೆಲದಲ್ಲಿ ನಡೆಯಿತೋ ಆ ನೆಲದಲ್ಲಿ ಚಲಾವಣೆಯಲ್ಲಿರುವ ಕಾಸೇ ಆಗಬೇಕು. ಅಂಕಿಯ ಮುಖ ಮೇಲೆ, ಚಿತ್ರದ ಮುಖ ಮರಕ್ಕೆ. "ಊರಿನ ಗುರುತು ಮರಕ್ಕೆ ಗೊತ್ತಿದ್ದರೆ ಸಾಕು, ಮೆರೆಸಬಾರದು" ಎನ್ನುತ್ತಿದ್ದನಂತೆ ಅಜ್ಜ. ಮುಂದೆ ಆ ಗಡಿಯಾರ ಯಾರ ಕೈಗೆ ಬಂದರೂ ಹಳೆಯ ಕಾಸನ್ನು ಕೀಳುವಂತಿಲ್ಲ. ತನ್ನದನ್ನು ಅದರ ಹಿಂದೆ, ಸಾಲಿನಲ್ಲಿ ನಿಂತ ಹಾಗೆ, ಅಂಟಿಸಿ ಸುಮ್ಮನಾಗಬೇಕು.

ಮುಳ್ಳಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಗಡಿಯಾರದ ಮುಳ್ಳಿಗೂ ಸಂದಿತು, ಅವನ ನಾಲಿಗೆಗೂ ಸಂದಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ವಯಸ್ಸಾದ ಮೇಲೆ ಕೋಪ ಕಮ್ಮಿಯಾಯಿತು, ಕೈನಡುಕ ಬಂತು. ದೇವರು ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಡುತ್ತಾನೆ ಎಂದು ಅವನ ಹೆಂಡತಿಯೇ ನಗೆಯಾಡುತ್ತಿದ್ದಳು.

ಆ ಬೀದಿಯ ದರ್ಜಿಯ ಮಗಳು ಹೊರದೇಶದ ಆಸ್ಪತ್ರೆಯಲ್ಲಿ ದಾದಿ. ರಜಕ್ಕೆ ಬಂದವಳು ಒಂದು ಬೆಳಗ್ಗೆ ಅಂಗಡಿಯ ಮೆಟ್ಟಿಲು ಹತ್ತಿ, ಸ್ವೆಟರಿನಲ್ಲಿ ಸುತ್ತಿದ್ದ ಗಂಟನ್ನು ಮೇಜಿನ ಮೇಲಿಟ್ಟಳು. ಒಳಗೆ ಮೊಳದುದ್ದದ ಗೋಡೆ ಗಡಿಯಾರ.

"ಮಾಮ, ಇದನ್ನ ಅಲ್ಲಿ ಹಳೇ ಸಾಮಾನಿನ ಬಜಾರಲ್ಲಿ ತಗೊಂಡೆ. ಎರಡು ವರ್ಷ ಚೆನ್ನಾಗಿ ನಡೀತು. ಈಗ ಸ್ವಲ್ಪ ಹೊತ್ತು ನಡೆಯುತ್ತೆ, ಆಮೇಲೆ ಮಲಗಿಬಿಡುತ್ತೆ."

"ಅಲ್ಲಿ ಗಡಿಯಾರ ರಿಪೇರಿ ಮಾಡೋರು ಸತ್ತುಹೋದ್ರಾ? ವಿಮಾನ ಹತ್ತಿಸ್ಕೊಂಡು ಬಂದಿದ್ದೀಯ."

"ಅವರು ಕೇಳೋ ದುಡ್ಡಿಗೆ ಇನ್ನೊಂದು ಗಡಿಯಾರ ಬರುತ್ತೆ ಮಾಮ. ಇದಕ್ಕೆ ಟಿಕೆಟ್ ಏನೂ ಕೇಳಲಿಲ್ಲ, ಪುಕ್ಕಟೆ ಬಂತು."

ಮುಳ್ಳಪ್ಪ ಗುರ್ರೆಂದು ಬಾಗಿಲು ತೆಗೆದ. ಕಣ್ಣು ತನ್ನ ಪಾಡಿಗೆ ಹಲಗೆಯ ಎಡಮೂಲೆಗೆ ಹೋಯಿತು. ಖಾಲಿ. ಹೊರದೇಶದ ಗಡಿಯಾರದಲ್ಲಿ ಇನ್ನೇನು ಇರುತ್ತದೆ ಎಂದುಕೊಂಡು ಲೋಲಕ ಕಳಚಲು ಕೈ ಹಾಕಿದವನಿಗೆ ಬಲಮೂಲೆ ಕಾಣಿಸಿತು. ಕೆಂಪು ಅರಗಿನ ನಡುವೆ ಹಿತ್ತಾಳೆ ಬಣ್ಣದ ಕಾಸು. ಐವತ್ತು ಎಂಬ ಅಂಕಿ, ಪಕ್ಕದಲ್ಲಿ ಯಾವುದೋ ಭೂಪಟದ ಗೆರೆಗಳು. ಅಂಚಿನ ಅರಗಿನ ಮೇಲೆ ಹೆಬ್ಬೆರಳು ಒತ್ತಿದ ಗುರುತು.

ಅವನು ಸ್ಟೂಲಿನ ಮೇಲೆ ಕೂತುಕೊಂಡ.

"ಏನಾಯ್ತು ಮಾಮ, ಗೆದ್ದಲು ಹಿಡಿದಿದೆಯಾ?"

"ಧೂಳು. ಇಟ್ಟುಹೋಗು. ಹೊರಡೋ ಹಿಂದಿನ ದಿನ ಬಾ."

ಅರಗು ಕರಗಿಸುವ ಚಮಚವನ್ನು ಬಲಗೈಯಲ್ಲಿ ಹಿಡಿದವರಿಗೆ ಎಡಮೂಲೆಗೆ ಸುರಿಯುವುದೇ ಸಲೀಸು. ಅವನ ಅಜ್ಜ, ಅಪ್ಪ, ಅವನು, ಎಲ್ಲರ ಕಾಸೂ ಎಡಮೂಲೆಯಲ್ಲೇ. ಬಲಮೂಲೆಗೆ ಸುರಿಯಬೇಕಾದರೆ ಚಮಚ ಎಡಗೈಯಲ್ಲಿರಬೇಕು. ಆ ಮನೆಯಲ್ಲಿ ಎಡಗೈಯವರು ಒಬ್ಬರೇ ಇದ್ದದ್ದು, ಅವನ ಒಬ್ಬಳೇ ಮಗಳು. ಅಕ್ಕರೆ ಬಂದರೂ ಎಡಚಿ, ಸಿಟ್ಟು ಬಂದರೂ ಎಡಚಿ ಎಂದೇ ಅವಳನ್ನು ಕರೆಯುತ್ತಿದ್ದ.

ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದ ಅವಳು ಅಪ್ಪನ ಮೇಜಿನ ಪಕ್ಕ ಕೂತು ಕೆಲಸ ಕಲಿತವಳು. ಇಪ್ಪತ್ತು ದಾಟುವ ಹೊತ್ತಿಗೆ ಅಂಗಡಿಯ ಅರ್ಧಕ್ಕರ್ಧ ಕೆಲಸ ಅವಳದೇ. ಆದರೆ ಕಾಸು ಅಂಟಿಸುವ ಹಕ್ಕು ಮಾತ್ರ ಯಜಮಾನನದು. ಅವಳು ಬಿಚ್ಚಿ, ಅವಳು ಜೋಡಿಸಿ, ಅವಳು ನಡೆಸಿದ ಗಡಿಯಾರಕ್ಕೂ ಕೊನೆಗೆ ಚಮಚ ಹಿಡಿದು ಬರುತ್ತಿದ್ದವನು ಮುಳ್ಳಪ್ಪ. ಅವಳು ಒಂದೆರಡು ಸಲ ಕೇಳಿದಳು. "ಮೊದಲು ಕೈ ಪಳಗಲಿ" ಅಂದ. ಪಳಗಿದ ಕೈಗೆ ಹಾಗೆ ಹೇಳುವುದು ಸುಲಭ, ಕೇಳಿಸಿಕೊಳ್ಳುವುದು ಕಷ್ಟ.

ಊರಿನ ಗ್ರಂಥಾಲಯವಾದ ಓದುಮನೆಯ ದೊಡ್ಡ ಗಡಿಯಾರ ಇನ್ನು ನಡೆಯುವುದಿಲ್ಲ ಎಂದು ಅವನೇ ಕೈಬಿಟ್ಟಿದ್ದ. ಎಡಚಿ ಬಿಡಲಿಲ್ಲ. ಚಕ್ರಗಳ ಸವೆದ ಹಲ್ಲುಗಳನ್ನು ಒಂದೊಂದಾಗಿ ಕಟ್ಟಿ, ತಿಂಗಳುಗಟ್ಟಲೆ ಗುದ್ದಾಡಿ, ಕಡೆಗೂ ನಡೆಸಿದಳು. ನಡೆಸಿದವಳೇ ಅಪ್ಪನನ್ನು ಕೇಳದೆ ಬಲಮೂಲೆಯಲ್ಲಿ ತನ್ನ ಕಾಸು ಅಂಟಿಸಿದಳು. ಓದುಮನೆಯ ಅಧಿಕಾರಿ ಗಡಿಯಾರ ಒಯ್ಯಲು ಬಂದಾಗ ಮುಳ್ಳಪ್ಪನ ಕಣ್ಣಿಗೆ ಅದು ಬಿತ್ತು. ಸ್ಕ್ರೂಡ್ರೈವರ್ ತೆಗೆದುಕೊಂಡು, ಹೊರಗಿನವನ ಎದುರಿಗೇ, ಕಾಸನ್ನು ಎಬ್ಬಿ ಎಸೆದ. "ಅಂಗಡಿ ಯಾರದ್ದು ಅಂತ ಮರೆತುಹೋಯ್ತಾ? ಕಾಸು ಅಂಟಿಸೋ ಆಸೆ ಇದ್ರೆ ಬೇರೆ ಅಂಗಡಿ ನೋಡ್ಕೋ" ಅಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಡಚಿ ತನ್ನ ಚಿಮಟ, ಕುಂಚ ಎಲ್ಲ ತೊಳೆದು, ಒರೆಸಿ, ಜಾಗದಲ್ಲಿಟ್ಟು ಮೇಲೆದ್ದಳು. ಮರುತಿಂಗಳು ಯಾರೋ ಗೊತ್ತು ಮಾಡಿಕೊಟ್ಟ ಕೆಲಸ ಹಿಡಿದು ದೇಶ ಬಿಟ್ಟಳು. ಅಮ್ಮನಿಗೆ ಕೆಲವು ಸಲ ಫೋನ್ ಮಾಡಿದಳು, ಎಲ್ಲಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಆಮೇಲೆ ಆ ನಂಬರಿಗೆ ಬೇರೆ ಯಾರೋ ಬೇರೆ ಭಾಷೆಯಲ್ಲಿ ಮಾತಾಡತೊಡಗಿದರು. ಅವಳು ಹೋದಂದಿನಿಂದ ಹನ್ನೊಂದು ವರ್ಷ ಆ ಮನೆಯಲ್ಲಿ ಗಡಿಯಾರಗಳು ಮಾತ್ರ ಸದ್ದು ಮಾಡುತ್ತಿದ್ದವು.

ಮಧ್ಯಾಹ್ನ ಊಟಕ್ಕೆ ಹೋದವನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕೇಳುವ ಮೊದಲೇ ಹೇಳಿಬಿಟ್ಟ. ಅವಳು ಕೈ ತೊಳೆಯದೆ ಅಂಗಡಿಗೆ ಓಡಿಬಂದಳು. ಬಗ್ಗಿ, ಅರಗಿನ ಮೇಲಿದ್ದ ಗುರುತಿನ ಹತ್ತಿರ ತನ್ನ ಹೆಬ್ಬೆರಳು ಹಿಡಿದು, ತಾಗಿಸದೆ, ಹಾಗೇ ನಿಂತಳು.

"ಬದುಕಿದ್ದಾಳೆ" ಅಂದಳು. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಮುಳ್ಳಪ್ಪನಿಗೆ ಆಗಲೇ ತಿಳಿದದ್ದು.

"ದರ್ಜಿ ಮಗಳು ಇರೋ ದೇಶದಲ್ಲೇ ಇದ್ದಾಳೆ. ಗಡಿಯಾರ ಅಲ್ಲಿಯದು, ಕಾಸೂ ಅಲ್ಲಿಯದು. ಹೋಗಿ ಕರ್ಕೊಂಡು ಬರ್ತೀನಿ."

"ಹೋಗೋಕೆ ಪಾಸ್‌ಪೋರ್ಟ್ ಬೇಡವಾ? ಅದಕ್ಕೇ ಎಷ್ಟು ದಿನವೋ."

ಅವನು ಬಿಡಿಭಾಗಗಳ ಕಪಾಟಿನ ತಳದ ಖಾನೆ ಎಳೆದು, ಸ್ಪ್ರಿಂಗುಗಳ ಡಬ್ಬಿಯ ಕೆಳಗಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಯಾವಾಗ ಮಾಡಿಸಿದ್ದು?"

"ಅವಳು ಹೋದ ಮಾರನೇ ವರ್ಷ. ಹೋದ ವರ್ಷ ನವೀಕರಿಸಿದೆ."

"ನನಗೊಂದು ಮಾತು ಹೇಳಲಿಲ್ಲ."

"ಹೇಳಿದ್ರೆ ನೀನು, ಹಾಗಾದರೆ ಹೊರಡಿ, ಅಂತಿದ್ದೆ."

ಅವಳು ಸೆರಗಿನಿಂದ ಅದನ್ನು ಒರೆಸಿ ವಾಪಸು ಕೊಟ್ಟಳು.

ಮರುದಿನ ಇಬ್ಬರೂ ಪ್ರವಾಸದ ಕಚೇರಿಗೆ ಹೋದರು. ಅಲ್ಲಿ ಗಾಜು ಹೊದೆಸಿದ ಮೇಜು, ತಿರುಗುವ ಕುರ್ಚಿ, ಗೋಡೆಯ ತುಂಬ ಭೂಪಟ. ಮೇಜಿನ ಹಿಂದಿದ್ದ ಹೆಂಗಸು ನಡುವಯಸ್ಸಿನವಳು, ಒಂದು ಕಿವಿಗೆ ಫೋನ್ ಒತ್ತಿಕೊಂಡೇ ಇಬ್ಬರಿಗೂ ಕೂತುಕೊಳ್ಳಿ ಎಂದು ಸನ್ನೆ ಮಾಡಿದಳು. ಗೋಡೆಯಲ್ಲಿ ಬೇರೆ ಬೇರೆ ಊರುಗಳ ಹೆಸರಿನ ನಾಲ್ಕು ಗಡಿಯಾರಗಳಿದ್ದವು. ಒಂದು ನಿಂತಿತ್ತು. ಬೇರೆ ದಿನವಾಗಿದ್ದರೆ ಮುಳ್ಳಪ್ಪ ಅದಕ್ಕೊಂದು ಮಾತು ಹೇಳದೆ ಬಿಡುತ್ತಿರಲಿಲ್ಲ.

ಅವನು ದೇಶದ ಹೆಸರು ಹೇಳಿದ. ಅವಳು ವೀಸಾ, ಟಿಕೆಟ್ ಎಲ್ಲ ವಿವರಿಸಿ, "ಖರ್ಚಿಗೆ ಕೈಯಲ್ಲಿ ಎಷ್ಟಿಟ್ಕೋತೀರಾ ಸರ್?" ಎಂದು ಕೇಳಿದಳು.

"ಯೂರೋ ಎಷ್ಟು ಬೇಕಾಗುತ್ತೆ, ನೀವೇ ಹೇಳಿ."

"ಅಲ್ಲಿ ಯೂರೋ ಇಲ್ಲ ಸರ್. ಆ ದೇಶಕ್ಕೆ ಅವರದ್ದೇ ದುಡ್ಡು. ಬಹಳ ಜನ ಹೀಗೇ ಅಂದ್ಕೊಂಡು ಯೂರೋ ತಗೊಂಡು ಹೋಗಿ, ಇಳಿದ ಮೇಲೆ ಮತ್ತೆ ಬದಲಾಯಿಸಿ, ಎರಡು ಸಲ ಕೈ ಸುಟ್ಕೋತಾರೆ."

ಮುಳ್ಳಪ್ಪ ಜೇಬಿನಿಂದ ಒಂದು ಚೀಟಿ ತೆಗೆದ. ಗಡಿಯಾರದೊಳಗಿನ ಕಾಸನ್ನು ನೋಡಿ ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬಂದಿದ್ದ. "ಈ ಕಾಸು?"

"ಇದು ಯೂರೋ ಚಿಲ್ಲರೆನೇ. ಐವತ್ತು ಸೆಂಟು."

"ಇದು ಅಲ್ಲಿ ನಡೆಯೋದೇ ಇಲ್ವಾ?"

"ಗಡಿಯ ಹತ್ತಿರ ಯಾವನೋ ಅಂಗಡಿಯವನು ತಗೊಂಡಾನು. ಆದರೆ ಆ ನೆಲದ ದುಡ್ಡಲ್ಲ ಸರ್ ಅದು."

ಕೆಲಸ ನಡೆದ ನೆಲದ ಕಾಸೇ ಆಗಬೇಕು. ಎಡಚಿ ಅಪ್ಪನ ಎಷ್ಟೋ ಮಾತು ಮೀರಿದ್ದಾಳು, ಆ ನಿಯಮ ಮೀರುವವಳಲ್ಲ. ಹಾಗಾದರೆ ಗಡಿಯಾರವನ್ನು ಅವಳು ನಡೆಸಿದ್ದು ಎಲ್ಲೋ, ಅದು ಮಾರಾಟವಾದದ್ದು ಎಲ್ಲೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮತ್ತೆ ಇದು ಯಾವ ದೇಶದ್ದು ತಾಯಿ?" ಎಂದು ಹೆಂಡತಿ ಕೇಳಿದಳು.

ಆ ಹೆಂಗಸು ಎದ್ದು ಭೂಪಟದ ಹತ್ತಿರ ಹೋದಳು. ಪೆನ್ನಿನ ತುದಿಯಿಂದ ಸಮುದ್ರದ ಅಂಚು ಹಿಡಿದು, ಬೆಟ್ಟಸಾಲು ದಾಟಿ, ಇನ್ನೊಂದು ಸಮುದ್ರದ ತನಕ ಗೆರೆ ಎಳೆದಳು. "ಇಷ್ಟರಲ್ಲೂ ಇದೇ ದುಡ್ಡು ಅಮ್ಮ. ಇಪ್ಪತ್ತಕ್ಕೂ ಹೆಚ್ಚು ದೇಶ. ಆದರೆ ನಡುನಡುವೆ ಇರೋದೆಲ್ಲ ಸೇರಿಲ್ಲ. ಈ ದೇಶ ಅವರ ಒಕ್ಕೂಟದಲ್ಲೇ ಇದೆ, ದುಡ್ಡು ಮಾತ್ರ ಬೇರೆ. ಈ ಇನ್ನೊಂದು ಒಕ್ಕೂಟದಲ್ಲೇ ಇಲ್ಲ, ಆದರೂ ಯೂರೋನೇ. ಒಂದೇ ವೀಸಾ ನಡೆಯೋ ದೇಶಗಳು ಒಂದು ಗುಂಪು, ಒಂದೇ ದುಡ್ಡು ನಡೆಯೋ ದೇಶಗಳು ಇನ್ನೊಂದು ಗುಂಪು. ಎರಡೂ ಒಂದೇ ಅಂದ್ಕೊಂಡ್ರೆ ಪೇಚಿಗೆ ಸಿಕ್ಕಿಹಾಕ್ಕೋತೀವಿ."

"ಇಷ್ಟೂ ಕಡೆ ಹುಡುಕೋದು ಯಾವ ಜನ್ಮಕ್ಕೆ?" ಹೆಂಡತಿಯ ದನಿ ಸಣ್ಣದಾಯಿತು.

"ಏನು ಹುಡುಕ್ತಿದ್ದೀರಾ ಅಮ್ಮ?"

"ಮಗಳನ್ನ."

ಆ ಹೆಂಗಸು ಪೆನ್ನು ಕೆಳಗಿಟ್ಟಳು. ಮತ್ತೆ ಫೋನ್ ಹೊಡೆದುಕೊಂಡಿತು, ಅವಳು ಎತ್ತಲಿಲ್ಲ. ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ಅಂಕಿಯ ಮುಖ ಎಲ್ಲ ದೇಶಕ್ಕೂ ಒಂದೇ. ಇನ್ನೊಂದು ಮುಖದಲ್ಲಿ ಆಯಾ ದೇಶದ್ದೇ ಚಿತ್ರ ಇರುತ್ತೆ. ಅದನ್ನ ನೋಡಿದ್ರೆ ಎಲ್ಲಿ ಟಂಕಿಸಿದ್ದು ಅಂತ ಗೊತ್ತಾಗುತ್ತೆ. ಆದರೆ ಅಷ್ಟಕ್ಕೇ ಹೊರಟುಬಿಡಬೇಡಿ. ಒಂದು ದೇಶದ ಕಾಸು ಎಲ್ಲ ದೇಶದಲ್ಲೂ ಓಡಾಡುತ್ತೆ."

ಹೊರಗೆ ಬಂದ ಮೇಲೆ ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಬೀದಿಯಲ್ಲಿ ಅವಳು ಹಾಗೆ ಹಿಡಿದವಳಲ್ಲ. "ಚಿತ್ರ ಕೆಳಗಡೆ ಇದೆ, ಅಲ್ವೇನ್ರೀ? ಮರದ ಕಡೆ?"

ಅವನು ತಲೆಯಾಡಿಸಿದ. ಆ ಹೆಂಗಸು ಹೇಳಿದ್ದು ನಿಜ, ಕಾಸು ಓಡಾಡುತ್ತದೆ. ಆದರೆ ಎಡಚಿ ಕೈಗೆ ಸಿಕ್ಕಿದ್ದನ್ನು ಅಂಟಿಸುವವಳಲ್ಲ. ಚಿಲ್ಲರೆ ಸುರಿದುಕೊಂಡು, ತಾನಿರುವ ನೆಲದ ಚಿತ್ರ ಇರುವುದನ್ನೇ ಹೆಕ್ಕಿ, ಉಜ್ಜಿ, ಆಮೇಲೆ ಚಮಚ ಹಿಡಿದಿರುತ್ತಾಳೆ. ಅವಳಿರುವ ದೇಶ ಆ ಕಾಸಿನ ಕೆಳಗೆ ಇದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ನೋಡಬೇಕಾದರೆ ಕಾಸನ್ನು ಕೀಳಬೇಕು.

ಅಂಗಡಿಯ ಕಿಟಕಿಯಿಂದ ಸಂಜೆಯ ಬಿಸಿಲು ಮೇಜಿಗೆ ಬೀಳುತ್ತಿತ್ತು. ಹೆಂಡತಿ ತಾನೇ ಸ್ಕ್ರೂಡ್ರೈವರ್ ತೆಗೆದು ಅವನ ಕೈಗಿಟ್ಟಳು.

"ಎಬ್ಬಿ ನೋಡಿ. ನೋಡಿ ಮತ್ತೆ ಅಂಟಿಸಿದರಾಯ್ತು."

"ಎರಡು ಸಲ ಕಾದ ಅರಗು ಕಪ್ಪಾಗುತ್ತೆ ಕಣೇ. ಕಂಡವರಿಗೆ ಗೊತ್ತಾಗಲ್ಲ, ಅವಳಿಗೆ ಗೊತ್ತಾಗುತ್ತೆ."

"ಗೊತ್ತಾಗಲಿ! ಅಪ್ಪ ಹುಡುಕಿಕೊಂಡು ಬಂದ ಅಂತ ಗೊತ್ತಾಗಲಿ."

ಅವನು ತುದಿಯನ್ನು ಅರಗಿನ ಅಂಚಿಗಿಟ್ಟ. ಕೈ ನಡುಗಿತು. ಲೋಹಕ್ಕೆ ಲೋಹ ತಾಗಿ ಟಿಕ್ಕೆಂದಿತು. ತೆಗೆದ. ಮತ್ತೆ ಇಟ್ಟ. ಕಣ್ಣ ಮುಂದೆ ಓದುಮನೆಯ ಗಡಿಯಾರ ಬಂತು, ಅದರ ಪಕ್ಕದಲ್ಲಿ ಚಿಮಟ ಹಿಡಿದು ನಿಂತವಳ ಮುಖ ಬಂತು. ಅವತ್ತು ಅವನು ಆ ಮುಖ ನೋಡಿರಲಿಲ್ಲ ಎಂದುಕೊಂಡಿದ್ದ. ನೋಡಿದ್ದ.

"ಅವತ್ತು ಕೀಳೋಕೆ ಕೈ ಬಂತು" ಅಂದಳು ಹೆಂಡತಿ. ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತು. "ಹೊರಗಿನವನ ಎದುರಿಗೆ, ಒಂದೇ ಏಟಿಗೆ ಕಿತ್ರಿ. ಇವತ್ತು ನನ್ನ ಮಗಳು ಸಿಕ್ತಾಳೆ ಅಂದ್ರೆ ಕೈ ನಡುಗುತ್ತೆ."

ಅವನು ಸ್ಕ್ರೂಡ್ರೈವರನ್ನು ಅವಳ ಕಡೆ ಚಾಚಿದ. "ನನ್ನ ಕೈಯಲ್ಲಿ ಆಗಲ್ಲ. ಅವಳು ಬೇರೆ ಅಂಗಡಿ ನೋಡ್ಕೊಂಡು, ಬೇರೆ ನೆಲದಲ್ಲಿ ನಿಂತು, ತನ್ನ ಕೈಯಾರೆ ಅಂಟಿಸಿದ ಕಾಸು ಇದು. ಇದನ್ನೂ ನಾನೇ ಕಿತ್ತೆ ಅಂದ್ರೆ, ದೇಶ ಗೊತ್ತಾಗುತ್ತೆ ಕಣೇ, ಅವಳ ಮುಂದೆ ನಿಲ್ಲೋಕೆ ನನಗೆ ಮುಖ ಇರಲ್ಲ. ನಿನಗೆ ಬೇಕಾದ್ರೆ ನೀನು ಕೀಳು. ನಾನು ಬೇಡ ಅನ್ನಲ್ಲ."

ಅವಳು ತೆಗೆದುಕೊಂಡಳು. ಗಡಿಯಾರದ ಮುಂದೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಬಿಸಿಲು ಮೇಜಿನಿಂದ ಜಾರಿ ನೆಲಕ್ಕೆ ಬಂತು. ಕಡೆಗೆ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಎಸೆದು, ಮುಖ ಮುಚ್ಚಿಕೊಂಡು ಅತ್ತಳು. ಮುಳ್ಳಪ್ಪನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ, ಅಷ್ಟೆ. ಅವಳ ಸಂಕಟಕ್ಕೆ ತಾನೇ ಕಾರಣ, ಈಗ ತಾನೇ ಅಡ್ಡಿ ಎನ್ನುವುದು ಅವನಿಗೆ ಗೊತ್ತಿತ್ತು.

ಅವಳು ಕಣ್ಣೊರೆಸಿಕೊಂಡು ಮನೆಗೆ ಹೋದಳು. ಮುನಿಸಿಕೊಂಡು ಹೋದಳು ಎಂದೇ ಅವನು ತಿಳಿದ. ಆದರೆ ಸ್ವಲ್ಪ ಹೊತ್ತಿಗೆ ಹಿಂತಿರುಗಿ ಬಂದು, ಹೊಲಿಗೆಯ ದಾರದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿ, ದಾರದ ಉಂಡೆಗಳ ನಡುವೆ ಒಂದು ಕಾಸು. ಈ ನೆಲದ್ದೇ ಕಾಸು. ಅಂಚಿನಲ್ಲಿ ಒಂದು ಆಳವಾದ ಗೀರು, ಗೀರಿನೊಳಗೆ ಇನ್ನೂ ಕೆಂಪು ಅರಗು.

"ಅವತ್ತು ನೀವು ಎಸೆದದ್ದು" ಅಂದಳು. "ಬೀರುವಿನ ಕೆಳಗಿಂದ ಆಯ್ದು ಇಟ್ಕೊಂಡಿದ್ದೆ. ನಿಮ್ಮ ಕಾಸು ಅಂತ ಇದನ್ನ ಅಂಟಿಸಿ."

ಆಮೇಲಿನ ದಿನಗಳಲ್ಲಿ ಮುಳ್ಳಪ್ಪ ಬೆಳಗ್ಗೆ ಕೈನಡುಕ ಇಳಿಯುವ ತನಕ ಕಾದು ಕೆಲಸಕ್ಕೆ ಕೂರುತ್ತಿದ್ದ. ಗಡಿಯಾರವನ್ನು ಪೂರ್ತಿ ಬಿಚ್ಚಿ ಹರಡಿದ. ಮಗಳ ಕೆಲಸ ಒಂದೊಂದಾಗಿ ಕಣ್ಣಿಗೆ ಬಿತ್ತು. ಒಂದು ಹಲ್ಲು ಹೊಸದಾಗಿ ಕಟ್ಟಿದ್ದಳು, ಬೆಸುಗೆ ಎಲ್ಲಿದೆ ಎಂದು ಭೂತಗನ್ನಡಿ ಹಾಕಿಕೊಂಡು ಹುಡುಕಬೇಕಾಯಿತು. ತನಗಿಂತ ಚೆನ್ನಾಗಿ ಮಾಡಿದ್ದಾಳೆ ಎಂದು ಬಾಯಿಬಿಟ್ಟೇ ಹೇಳಿದ. ಕೇಳಲು ಹೆಂಡತಿ ಇದ್ದಳು. ಅವಳು ಈಗ ಅಡುಗೆ ಮುಗಿಸಿ ಬಂದು ಎಡಚಿಯ ಸ್ಟೂಲಿನ ಮೇಲೆ ಕೂರುತ್ತಿದ್ದಳು.

ಗಡಿಯಾರಕ್ಕೆ ಕಾಯಿಲೆ ದೊಡ್ಡದೇನಲ್ಲ, ಎಣ್ಣೆ ಒಣಗಿ ಜಿಡ್ಡಾಗಿತ್ತು. ತೊಳೆದು, ಜೋಡಿಸಿ, ಚಕ್ರದ ಅಚ್ಚು ಕೂರುವ ಒಂದೊಂದು ತೂತಿಗೂ ತಂತಿಯ ತುದಿಯಿಂದ ಹನಿ ಎಣ್ಣೆ ಬಿಟ್ಟ. ಕೊನೆಯ ತೂತಿಗೆ ಬಂದಾಗ ಕೈ ತಡೆಯಿತು. ಈ ಸಲದ್ದು ನಡುಕವಲ್ಲ. ತಂತಿಯನ್ನು ಒರೆಸಿ ಕೆಳಗಿಟ್ಟ. ನಲವತ್ತು ವರ್ಷದ ಕಸುಬಿನಲ್ಲಿ ಅವನು ಮಾಡಿದ ಮೊದಲ ಕಳ್ಳಗೆಲಸ ಅದು. ಆಮೇಲೆ ಅರಗು ಕರಗಿಸಿ, ಬಲಮೂಲೆಯ ಕಾಸಿನ ಹಿಂದೆ, ಅಪ್ರೆಂಟಿಸ್ ನಿಲ್ಲುವ ಜಾಗದಲ್ಲಿ, ಗೀರು ಬಿದ್ದ ಕಾಸನ್ನು ಅಂಟಿಸಿದ. ಬಲಗೈಯಲ್ಲಿ ಚಮಚ ಹಿಡಿದು ಬಲಮೂಲೆಗೆ ಸುರಿಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅರಗು ಸ್ವಲ್ಪ ಚೆಲ್ಲಿತು. ಒರೆಸಲಿಲ್ಲ.

ದಾದಿ ಹೊರಡುವ ಹಿಂದಿನ ದಿನ ಬಂದಳು. ಗಡಿಯಾರ ಗೋಡೆಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು.

"ಎಷ್ಟಾಯ್ತು ಮಾಮ?"

"ದುಡ್ಡು ಬೇಡ. ಇದು ಇನ್ನೊಂದು ವರ್ಷದೊಳಗೆ ಮತ್ತೆ ನಿಲ್ಲುತ್ತೆ ಕಣಮ್ಮ. ಒಂದು ಕಡೆ ಎಣ್ಣೆ ಬಿಟ್ಟಿಲ್ಲ. ಮರೆತದ್ದಲ್ಲ, ಬೇಕಂತಲೇ."

ಅವಳಿಗೆ ಅರ್ಥವಾಗಲಿಲ್ಲ. ಹೆಂಡತಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ತೆಗೆದು ಎರಡು ಕಾಸುಗಳನ್ನೂ ತೋರಿಸಿ, ಎಲ್ಲ ಹೇಳಿದಳು. ಮುಳ್ಳಪ್ಪ ಅಷ್ಟು ಹೊತ್ತು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ತಿರುಗಿ ಒಂದು ಲಕೋಟೆ ಕೊಟ್ಟ. ಟಿಕೆಟ್ಟಿಗೆಂದು ತೆಗೆದಿಟ್ಟ ದುಡ್ಡನ್ನು ಪ್ರವಾಸದ ಕಚೇರಿಯ ಹೆಂಗಸಿನ ಮೂಲಕ ಬದಲಾಯಿಸಿ ತಂದಿದ್ದ.

ದಾದಿ ತೆರೆದು ನೋಡಿದಳು. "ಮಾಮ, ಇದು ಯೂರೋ. ನಾನಿರೋ ಕಡೆ ಇದು ನಡೆಯಲ್ಲ."

"ಗೊತ್ತಮ್ಮ. ನಡೆಯೋ ಕಡೆಗೆ ಹೋಗು. ನಿನಗೆ ಗಡಿ ದಾಟಿದ್ರೆ ಯೂರೋ ನೆಲವೇ ಅಲ್ವಾ? ರಜೆ ಸಿಕ್ಕಾಗ, ಒಂದು ಸಲಕ್ಕೆ ಒಂದು ಊರು. ಗಡಿಯಾರ ನಿಂತ ಮೇಲೆ ಇದನ್ನ ಹಿಡ್ಕೊಂಡು ಹೋಗಿ ರಿಪೇರಿ ಅಂಗಡಿಯವರಿಗೆ ತೋರಿಸು."

"ಅಷ್ಟು ಅಂಗಡಿಗಳಲ್ಲಿ ಯಾರಿಗೆ ಅಂತ ತೋರಿಸ್ಲಿ ಮಾಮ? ನಾನು ಅವಳನ್ನ ನೋಡಿ ಎಷ್ಟು ವರ್ಷ ಆಯ್ತು. ಗುರುತೇ ಸಿಗದಿದ್ರೆ? ಏನಂತ ಕೇಳಲಿ?"

"ಏನೂ ಕೇಳಬೇಡ" ಅಂದ ಮುಳ್ಳಪ್ಪ. "ಸುಮ್ಮನೆ ಕೈಗೆ ಕೊಡು. ಬಾಗಿಲು ತೆಗೆದು ಎಲ್ಲರೂ ಯಂತ್ರ ನೋಡ್ತಾರೆ, ನೀನು ವಾಪಸು ತಗೊಂಡು ಮುಂದಿನ ಅಂಗಡಿಗೆ ಹೋಗು. ಮೊದಲು ತಳದ ಹಲಗೆ ನೋಡೋರು ಒಬ್ಬರು ಸಿಕ್ತಾರೆ. ಅವರ ಹತ್ತಿರ ಬಿಟ್ಟು ಬಾ."